ಏಳೂವರೆ ಅಭ್ಯಾಸ

ಏಳೂವರೆ ಎಂಬ ಸಂಖ್ಯೆಯನ್ನು ಕೇಳಿದೊಡನೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವವನು ಶನಿಮಹಾತ್ಮ. ಆತನು ಒಬ್ಬನ ರಾಶಿಯ ನೆರೆಹೊರೆಯಲ್ಲಿ ಏಳೂವರೆ ವರ್ಷ ತಂಗಿದ್ದು ಕಲಿಸುವ ಪಾಠಗಳಿಗೆ ಲೋಕದಲ್ಲಿ ಕಾಟವೆಂದೇ ಹೆಸರು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯಕ್ಕೆ ಸೇರಿದ ಷಾರ್ಲಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ, 2006ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಪುಸ್ತಕ ಕೊಟ್ಟು ಪುಸ್ತಕ ಪಡೆಯುವ ಕಾರ್ಯದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದಿದ್ದ ಸಿಬ್ಬಂದಿಯ ಮುಂದೆ ಏಳೂವರೆ ಅಭ್ಯಾಸಗಳ ಪಟ್ಟಿಯೊಂದನ್ನು ತಂದಿರಿಸಿದಾಗ, ಅವರಲ್ಲಿ ಕೆಲವರಿಗಾದರೂ ಅದು ಕಾಟದ ಮುನ್ಸೂಚನೆಯೆಂದೇ ತೋರಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಜೀವನಪರ್ಯಂತ ಕಲಿಯುತ್ತಿರಬೇಕೆನ್ನುವವನು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳವು. ಗುರಿಯನ್ನು ಮುಂದಿಟ್ಟುಕೊಂಡು ಆರಂಭಿಸುವುದು, ಕಲಿಕೆಯ ಹೊಣೆಯನ್ನು ತಾನೇ ಹೊರುವುದು, ಎದುರಾದ ತೊಡಕಿಗೆ ಬೆನ್ನು ತೋರದಿರುವುದು, ಕಲಿತುದನ್ನು ಇನ್ನೊಬ್ಬರಿಗೆ ಕಲಿಸುವುದು, ಹೀಗೆ ಏಳು ಗಂಭೀರವಾದ ಮಾತುಗಳಾದ ಮೇಲೆ, ಪೂರ್ಣಾಂಕದ ಮರ್ಯಾದೆಗೂ ಯೋಗ್ಯವಲ್ಲವೋ ಎಂಬಂತೆ, ಕಟ್ಟಕಡೆಗೆ ಅರ್ಧವಾಗಿ ಬಂದು ಕುಳಿತಿರುವ ಮಾತು ಒಂದೇ: ಆಟವಾಡುವುದು.

ಈ ಅರೆಯ ಮರ್ಮವನ್ನು ತಿಳಿಯಲು ನಮಗೆ ಹೊರಗಿನ ಭಾಷ್ಯ ಬೇಕಿಲ್ಲ. ಓಣಿಯ ಹುಡುಗರು ಗುಂಪು ಕಟ್ಟಿಕೊಂಡು ಆಡುತ್ತಿರುವಾಗ, ಮೂಗು ಸುರಿಸಿಕೊಂಡು ಬಂದ ಚಿಕ್ಕ ತಮ್ಮನೊಬ್ಬನನ್ನು ತಾಯಿಯ ಒತ್ತಾಯಕ್ಕೆ ಸೇರಿಸಿಕೊಳ್ಳಬೇಕಾಗಿ ಬಂದರೆ, ಅವನಿಗೊಂದು ವಿಶೇಷವಾದ ಸ್ಥಾನವನ್ನು ಕಲ್ಪಿಸಿಕೊಡುವುದುಂಟಷ್ಟೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡಬಹುದು, ಬೀಳಬಹುದು, ಸಿಕ್ಕಿಬೀಳಬಹುದು. ಆದರೆ ಅವನ ಸೋಲನ್ನು ಯಾರೂ ಎಣಿಸುವುದಿಲ್ಲ. ದೊಡ್ಡವರ ನಗೆಮಾತಿನಲ್ಲಿ ಈ ನುಡಿಗಟ್ಟು ಇಂದು ಅವಹೇಳನದ ಅರ್ಥವನ್ನೇ ಪಡೆದಿದೆ. ಆದರೆ ಆ ಮಗು ಆಟವನ್ನು ಕಲಿಯುವುದು ಆ ಸ್ಥಾನದಲ್ಲಿ ನಿಂತೇ ಹೊರತು ಬೇರೆಲ್ಲಿಯೂ ಅಲ್ಲ. ನಲವತ್ತು, ಐವತ್ತು ವರ್ಷ ವಯಸ್ಸಿನ ಗ್ರಂಥಪಾಲಕರಿಗೆ, ತಾವು ಬಲ್ಲವರೆಂಬ ಕಾರಣಕ್ಕಾಗಿಯೇ ಸಂಬಳ ಪಡೆಯುವವರಿಗೆ, ಅಂಥದೊಂದು ಲೆಕ್ಕಕ್ಕಿಲ್ಲದ ಸ್ಥಾನವನ್ನು ಕೆಲವು ವಾರಗಳ ಮಟ್ಟಿಗೆ ಒದಗಿಸಿಕೊಟ್ಟದ್ದೇ ಷಾರ್ಲಟ್ ನಗರದ ಪ್ರಯೋಗದ ಹೆಚ್ಚಳವೆಂದು ನನ್ನ ಎಣಿಕೆ.

ಆ ಕಾಲದ ಸನ್ನಿವೇಶವನ್ನು ಸ್ವಲ್ಪ ವಿವರಿಸಬೇಕು. ಅಂತರ್ಜಾಲವು ಅದುವರೆಗೆ ಬಹುಮಟ್ಟಿಗೆ ಊರ ಚಾವಡಿಯ ಗೋಡೆಗೆ ಅಂಟಿಸಿದ ಪ್ರಕಟಣೆಯಂತಿತ್ತು. ಬರೆಯುವವರು ಕೆಲವರು, ನಿಂತು ಓದಿಕೊಂಡು ಹೋಗುವವರು ಹಲವರು. ಈ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ ಆ ಗೋಡೆಯು ಮಾಯವಾಗಿ ಚಾವಡಿಯ ಜಗಲಿಯೇ ತೆರೆದುಕೊಂಡಿತು. ಬಂದವರೆಲ್ಲರೂ ಕುಳಿತು ಮಾತನಾಡಬಹುದು, ಚಿತ್ರ ತೋರಿಸಬಹುದು, ಇನ್ನೊಬ್ಬನ ಮಾತನ್ನು ತಿದ್ದಬಹುದು. 2004ರ ಸುಮಾರಿಗೆ ಈ ಬದಲಾವಣೆಗೆ 'ವೆಬ್ 2.0' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಮರುವರ್ಷವೇ ಮೈಕೇಲ್ ಕೇಸಿ ಎಂಬ ಗ್ರಂಥಪಾಲಕರು ಅದೇ ಅಚ್ಚಿನಲ್ಲಿ 'ಲೈಬ್ರರಿ 2.0' ಎಂಬ ಮಾತನ್ನು ಟಂಕಿಸಿದರು. ಮಾತು ಹುಟ್ಟಿದಷ್ಟು ಸುಲಭವಾಗಿ ಸಮ್ಮತಿ ಹುಟ್ಟಲಿಲ್ಲ. 2006ರ ಜುಲೈ 26ರಂದು ಅಮೆರಿಕದ ಪ್ರತಿನಿಧಿಸಭೆಯು, ಕೇಂದ್ರಸರ್ಕಾರದ ಸಂಪರ್ಕಸಹಾಯಧನವನ್ನು ಪಡೆಯುವ ಶಾಲೆಗಳೂ ಗ್ರಂಥಾಲಯಗಳೂ ಅಪ್ರಾಪ್ತವಯಸ್ಕರಿಗೆ ಈ ಬಗೆಯ ಸಾಮಾಜಿಕ ಜಾಲತಾಣಗಳನ್ನು ಮುಚ್ಚಿಡತಕ್ಕದ್ದು ಎಂಬ ಮಸೂದೆಯನ್ನು 15ರ ವಿರುದ್ಧ 410 ಮತಗಳಿಂದ ಅಂಗೀಕರಿಸಿತ್ತು. ಮಕ್ಕಳ ರಕ್ಷಣೆಯ ಹೆಸರನ್ನು ಹೊತ್ತ ಮಸೂದೆಗೆ ವಿರುದ್ಧವಾಗಿ ಕೈಯೆತ್ತುವ ಧೈರ್ಯ ಯಾವ ದೇಶದ ಶಾಸನಸಭೆಯಲ್ಲಿಯೂ ಹೆಚ್ಚು ಮಂದಿಗೆ ಇರುವುದಿಲ್ಲ. ಸೆನೆಟ್ ಸಭೆಯಲ್ಲಿ ಅದು ಮುಂದುವರಿಯದೆ ನಿಂತುಹೋಯಿತು, ಅದು ಬೇರೆ ಮಾತು. ಆದರೆ ದೇಶದ ರಾಜಧಾನಿಯಲ್ಲಿ ಬಾಗಿಲನ್ನು ಮುಚ್ಚುವ ಮಾತು ನಡೆಯುತ್ತಿದ್ದ ಆ ದಿನಗಳಲ್ಲಿಯೇ, ಷಾರ್ಲಟ್ ನಗರದ ಗ್ರಂಥಾಲಯವು ಅದೇ ಬಾಗಿಲೊಳಕ್ಕೆ ತನ್ನ ಸಿಬ್ಬಂದಿಯನ್ನು ಕೈಹಿಡಿದು ಕರೆದೊಯ್ಯುವ ಸಿದ್ಧತೆಯಲ್ಲಿತ್ತು.

ಈ ಕಾರ್ಯಕ್ರಮವನ್ನು ರೂಪಿಸಿದವರು ಅಲ್ಲಿಯ ತಂತ್ರಜ್ಞಾನ ವಿಭಾಗದ ಹೊಣೆ ಹೊತ್ತಿದ್ದ ಹೆಲೀನ್ ಬ್ಲೋವರ್ಸ್ ಎಂಬ ಮಹಿಳೆ. ಸ್ಟೀಫನ್ ಏಬ್ರಮ್ ಎಂಬ ಗ್ರಂಥಾಲಯತಜ್ಞರು, ವೃತ್ತಿಬಾಂಧವರು ಆ ವರ್ಷ ಮಾಡಿನೋಡಬಹುದಾದ 43 ಸಂಗತಿಗಳನ್ನು ಕುರಿತು ಬರೆದಿದ್ದ ಲೇಖನವೊಂದು ಆಕೆಯ ಕಣ್ಣಿಗೆ ಬಿದ್ದಿತ್ತು. ಅದನ್ನು ಆಕೆ 23ಕ್ಕೆ ಇಳಿಸಿ, ಒಂಬತ್ತು ವಾರಗಳಿಗೆ ಹಂಚಿದರು. ಉಪನ್ಯಾಸವಿಲ್ಲ, ತರಗತಿಯಿಲ್ಲ, ಪರೀಕ್ಷೆಯಿಲ್ಲ. ಮೊದಲನೆಯ ವಾರ ಏಳೂವರೆ ಅಭ್ಯಾಸಗಳ ಪರಿಚಯ. ಎರಡನೆಯ ವಾರ ತನ್ನದೇ ಆದ ಬ್ಲಾಗನ್ನು ತೆರೆಯುವುದು, ಬೇಕಾದರೆ ಸುಳ್ಳುಹೆಸರಿನಲ್ಲಿ. ಆಮೇಲೆ ಫ್ಲಿಕರ್ ತಾಣದಲ್ಲಿ ಚಿತ್ರಗಳನ್ನು ಹುಡುಕುವುದು, ಹತ್ತು ಕಡೆಯ ಸುದ್ದಿಗಳನ್ನು ಒಂದೇ ಕಡೆ ತರಿಸಿಕೊಳ್ಳುವ ಸಲಕರಣೆಯನ್ನು ಜೋಡಿಸಿಕೊಳ್ಳುವುದು, ಲೈಬ್ರರಿತಿಂಗ್ ತಾಣದಲ್ಲಿ ಮನೆಯ ಕಪಾಟಿನ ಪುಸ್ತಕಗಳ ಪಟ್ಟಿಯನ್ನು ಮಾಡುವುದು, ವಿಕಿಯೊಂದರಲ್ಲಿ ಎಲ್ಲರ ಬರಹದ ನಡುವೆ ತನ್ನದೂ ಒಂದು ಸಾಲು ಸೇರಿಸುವುದು, ಪಾಡ್‌ಕಾಸ್ಟ್ ಕೇಳುವುದು, ಯೂಟ್ಯೂಬ್ ನೋಡುವುದು. ಪ್ರತಿಯೊಂದನ್ನೂ ಮಾಡಿದ ಮೇಲೆ, ಆದ ಅನುಭವವನ್ನು, ಅದು ಸಂತೋಷವಾಗಿರಲಿ ಸಿಡುಕಾಗಿರಲಿ, ತನ್ನ ಬ್ಲಾಗಿನಲ್ಲಿ ಬರೆದಿಡತಕ್ಕದ್ದು. ಎಲ್ಲವನ್ನೂ ಮುಗಿಸಿದವರಿಗೆ ಸಂಗೀತ ಕೇಳುವ ಎಂಪಿ3 ಯಂತ್ರವೊಂದು ಬಹುಮಾನ. ಮುಗಿಸಿದವರೊಳಗೆ ಚೀಟಿಯೆತ್ತಿ ಒಬ್ಬರಿಗೆ ಲ್ಯಾಪ್‌ಟಾಪ್. ದೊಡ್ಡವರಿಗೆ ಮಿಠಾಯಿಯ ಆಸೆ ತೋರಿಸಿ ಪಾಠ ಹೇಳುವುದೆಂದು ಮೂಗು ಮುರಿಯುವವರು ಮುರಿಯಬಹುದು. ಆದರೆ ಆ ಯಂತ್ರವನ್ನು ಬಳಸಬೇಕಾದರೆ ಅದಕ್ಕೆ ಧ್ವನಿಯನ್ನು ಇಳಿಸಿಕೊಳ್ಳುವ ಕ್ರಮವನ್ನು ಕಲಿಯಲೇಬೇಕು. ಅಂತೂ ಬಹುಮಾನವೇ ಇಪ್ಪತ್ತನಾಲ್ಕನೆಯ ಪಾಠವಾಯಿತು.

ಯೋಜನೆಯ ಪಠ್ಯವನ್ನು ಗ್ರಂಥಾಲಯವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿಯಲ್ಲಿ ಬಿಟ್ಟುಕೊಟ್ಟದ್ದರಿಂದ, ಅದು ಬೇರೆ ಊರುಗಳಿಗೂ ಸುಲಭವಾಗಿ ಹರಡಿತು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಅಂಚಿನಲ್ಲಿರುವ ಯಾರಾ ಪ್ಲೆಂಟಿ ಗ್ರಂಥಾಲಯವು ಅದೇ ವರ್ಷ ಅದನ್ನು ಕೈಗೆತ್ತಿಕೊಂಡಿತು. ನೆದರ್ಲೆಂಡ್ಸ್ ದೇಶದಲ್ಲಿ ಅದು ಡಚ್ ವೇಷವನ್ನು ಧರಿಸಿತು. 2010ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರೂ, ಶತಮಾನಗಳ ಧೂಳನ್ನು ಕೊಡವಿಕೊಂಡು, ತಮ್ಮ ತಮ್ಮ 23 ಪಾಠಗಳಿಗೆ ಕುಳಿತರು. ಟೀಕೆಯೂ ಇಲ್ಲದಿರಲಿಲ್ಲ. ದಿನದ ಕೆಲಸವೇ ಮುಗಿಯದಿರುವಾಗ ಈ ಹೊಸ ಹವ್ಯಾಸಕ್ಕೆ ಹೊತ್ತೆಲ್ಲಿಯದು, ಮೇಲಧಿಕಾರಿಯ ಅಪ್ಪಣೆಯಂತೆ ಆಡುವುದು ಆಟವಾದೀತೆ, ಇಷ್ಟಕ್ಕೂ ಓದುಗನಿಗೆ ಬೇಕಾದದ್ದು ಪುಸ್ತಕವೋ ಗ್ರಂಥಪಾಲಕನ ಬ್ಲಾಗೋ ಎಂಬ ಪ್ರಶ್ನೆಗಳು ನ್ಯಾಯವಾದುವೇ. ಉತ್ಸಾಹಿಗಳು ಇವಕ್ಕೆ ಕೊಟ್ಟ ಉತ್ತರಗಳಲ್ಲಿ ಭಕ್ತರ ಆವೇಶವಿತ್ತೇ ವಿನಾ ವಿಚಾರವಂತರ ತಾಳ್ಮೆ ಇರಲಿಲ್ಲ. ಆ ವರ್ಷಗಳ ಉತ್ಸಾಹದ ಬರಹಗಳನ್ನು ಈಗ ಓದಿದರೆ ಮದುವೆಯ ಮನೆಯ ಮರುದಿನದ ಚಪ್ಪರವನ್ನು ನೋಡಿದಂತಾಗುತ್ತದೆ.

ಏಕೆಂದರೆ, ಅವರು ಕಷ್ಟಪಟ್ಟು ಕಲಿತ ಸಲಕರಣೆಗಳಲ್ಲಿ ಹಲವು ಇಂದು ಇಲ್ಲ. ಸುದ್ದಿಯನ್ನು ಒಂದುಗೂಡಿಸುತ್ತಿದ್ದ ಬ್ಲಾಗ್‌ಲೈನ್ಸ್ ಹೋಯಿತು. ಅದರ ಸ್ಥಾನವನ್ನು ಆಕ್ರಮಿಸಿದ್ದ ಗೂಗಲ್ ರೀಡರ್ 2013ರಲ್ಲಿ ಹೋಯಿತು. ತಮಗೆ ಹಿಡಿಸಿದ ಪುಟಗಳಿಗೆ ಜನರು ತಮ್ಮದೇ ಗುರುತಿನ ಚೀಟಿಗಳನ್ನು ಅಂಟಿಸುತ್ತಿದ್ದ ಡೆಲಿಷಸ್ ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಕಣ್ಣು ಮುಚ್ಚಿತು. ಷಾರ್ಲಟ್ ಗ್ರಂಥಾಲಯದ ಮೇಲೂ 2010ರಲ್ಲಿ ಹಣದ ಮುಗ್ಗಟ್ಟಿನ ಗ್ರಹಚಾರ ಬಂದೆರಗಿ, ಶಾಖೆಗಳನ್ನು ಮುಚ್ಚುವ ಮಾತು ಹೊರಟಿತು, ಅನೇಕರು ಕೆಲಸ ಕಳೆದುಕೊಂಡರು. ಹೊಸ ವಿದ್ಯೆಯು ಅದನ್ನು ಬಲ್ಲವರ ಉದ್ಯೋಗವನ್ನಾದರೂ ಉಳಿಸೀತೆಂದು ನಂಬಿದ್ದವರಿಗೆ ಇದು ಕಹಿಯಾದ ಪಾಠ. ಹಾಗಾದರೆ ಉಳಿದದ್ದೇನು? ಯಾವುದೋ ಒಂದು ಸಾಧನವನ್ನು ಬಲ್ಲೆನೆಂಬ ಜಂಬವಲ್ಲ; ನಾಳೆ ಬರುವ ಅಪರಿಚಿತವಾದ ಸಾಧನದ ಮುಂದೆ, ಕೌಂಟರಿನ ಆಚೆ ನಿಂತಿರುವ ಓದುಗನ ಸಮಕ್ಷಮದಲ್ಲಿಯೇ, 'ನನಗೂ ಗೊತ್ತಿಲ್ಲ, ಬನ್ನಿ, ಒತ್ತಿ ನೋಡೋಣ' ಎಂದು ಹೇಳುವ ಸಂಕೋಚರಾಹಿತ್ಯ. ಗ್ರಂಥಪಾಲಕರ ವೃತ್ತಿಯ ಪೂರ್ವಸಂಸ್ಕಾರವನ್ನು ಬಲ್ಲವರಿಗೆ ಇದು ಸಾಮಾನ್ಯವಾದ ಲಾಭವಲ್ಲವೆಂದು ಗೊತ್ತು.

ಆ ಪೂರ್ವಸಂಸ್ಕಾರದ ಮೂಲವಿರುವುದು ಕ್ಯಾಟಲಾಗಿನಲ್ಲಿ. ಪ್ರತಿಯೊಂದು ಪುಸ್ತಕಕ್ಕೂ ಒಂದು ವಿಷಯ, ವಿಷಯಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಜಾಗ. ಇವನ್ನು ನಿರ್ಧರಿಸುವ ಅಧಿಕಾರ ತರಬೇತು ಪಡೆದವರಿಗೆ ಮಾತ್ರ. ಮೆಲ್ವಿಲ್ ಡ್ಯೂಯಿ 1876ರಲ್ಲಿ ದಶಾಂಶ ವರ್ಗೀಕರಣವನ್ನು ಪ್ರಕಟಿಸಿದಂದಿನಿಂದ ಈ ಅಧಿಕಾರವನ್ನು ಓದುಗರು ಪ್ರಶ್ನಿಸಿದ್ದೂ ಇಲ್ಲ, ಪ್ರಶ್ನಿಸಲು ಅವರಿಗೆ ದಾರಿಯೂ ಇರಲಿಲ್ಲ. 'ಟ್ಯಾಗ್' ಎಂಬ ಗುರುತುಚೀಟಿಯ ಪದ್ಧತಿ ಬಂದು ಆ ದಾರಿಯನ್ನು ತೆರೆಯಿತು. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಗ್ರಂಥಾಲಯವು 2007ರ ಆರಂಭದಲ್ಲಿ ತನ್ನ ಕ್ಯಾಟಲಾಗನ್ನೇ ತೆರೆದಿಟ್ಟು, ಪುಸ್ತಕಕ್ಕೆ ಓದುಗನೇ ಚೀಟಿ ಅಂಟಿಸಬಹುದು, ಅಭಿಪ್ರಾಯ ಬರೆಯಬಹುದು ಎಂದು ಸಾರಿತು. ಇನ್ನೂ ದೊಡ್ಡ ಹೆಜ್ಜೆಯನ್ನಿಟ್ಟದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್. ಜಗತ್ತಿನ ಗ್ರಂಥಾಲಯಗಳಿಗೆಲ್ಲ ವಿಷಯಶೀರ್ಷಿಕೆಗಳನ್ನು ಒದಗಿಸುವ ಆ ಮಹಾಸಂಸ್ಥೆ, 2008ರ ಜನವರಿಯಲ್ಲಿ ಸುಮಾರು 3,000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್ ತಾಣದಲ್ಲಿ ಇರಿಸಿ, ಇವುಗಳಲ್ಲಿರುವವರು ಯಾರು, ಈ ಬೀದಿ ಯಾವುದು, ತಿಳಿದವರು ಹೇಳಿ ಎಂದು ಲೋಕವನ್ನು ಕೇಳಿತು. ಹರಟೆಯೂ ಬಂದಿತು, ತುಂಟತನವೂ ಬಂದಿತು. ಅವುಗಳ ನಡುವೆ, ಹಳೆಯ ಪತ್ರಿಕೆಗಳನ್ನು ತಡಕಿ ದಿನಾಂಕವನ್ನು ಪತ್ತೆಮಾಡಿದವರೂ, ಅಂಗಡಿಯ ನಾಮಫಲಕದಿಂದ ಊರನ್ನು ಗುರುತಿಸಿದವರೂ ಬಂದರು. ಒಂದು ವರ್ಷ ತುಂಬುವುದರೊಳಗಾಗಿ, ಈ ಅಜ್ಞಾತ ಸಹಾಯಕರ ಮಾತನ್ನು ಪರಿಶೀಲಿಸಿ, 500ಕ್ಕೂ ಹೆಚ್ಚು ಚಿತ್ರಗಳ ವಿವರವನ್ನು ಗ್ರಂಥಾಲಯವು ತನ್ನ ದಾಖಲೆಯಲ್ಲಿಯೇ ತಿದ್ದಿಕೊಂಡಿತು. ಪರಿಶೀಲಿಸಿ ಎಂಬ ಮಾತನ್ನು ಒತ್ತಿ ಹೇಳಬೇಕು. ತಜ್ಞನ ಕೆಲಸ ತಪ್ಪಲಿಲ್ಲ. ಹೇಳುವವನಾಗಿದ್ದವನು ಕೇಳಿಸಿಕೊಂಡು ತೂಗುವವನಾದ, ಅಷ್ಟೆ.

ಗ್ರಂಥಾಲಯಶಾಸ್ತ್ರಕ್ಕೂ ಆಟಕ್ಕೂ ಎಲ್ಲಿಯ ನಂಟು ಎನ್ನುವವರಿಗೆ ಇಲ್ಲೊಂದು ಹಳೆಯ ಕಥೆಯನ್ನು ಹೇಳಬೇಕಾಗಿದೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡು, ಕೆಲವೇ ದಿನಗಳಲ್ಲಿ ಆ ಏಕಾಂತಕ್ಕೆ ಬೇಸತ್ತು, ನನ್ನನ್ನು ಪಾಠ ಹೇಳುವುದಕ್ಕೇ ಕಳುಹಿಸಿಬಿಡಿ ಎಂದು ಕೇಳಿಕೊಂಡವರು. ಅವರನ್ನು ವೃತ್ತಿಶಿಕ್ಷಣಕ್ಕಾಗಿ ಲಂಡನ್ನಿಗೆ ಕಳುಹಿಸಲಾಯಿತು. ಅಂದಿನ ವರ್ಗೀಕರಣಗಳ ಕುಂದು ಅವರನ್ನು ಕಾಡುತ್ತಿದ್ದ ಕಾಲದಲ್ಲಿ, ಸೆಲ್ಫ್ರಿಜ್ ಎಂಬ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನನ್ನು ಪ್ರದರ್ಶಿಸುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು: ರಂಧ್ರಗಳಿರುವ ಕೆಲವೇ ಪಟ್ಟಿಗಳು, ಗಾಲಿಗಳು, ತಿರುಪುಗಳು, ಅವುಗಳಿಂದಲೇ ಒಮ್ಮೆ ಸೇತುವೆ, ಬಿಚ್ಚಿ ಜೋಡಿಸಿದರೆ ಇನ್ನೊಮ್ಮೆ ಭಾರ ಎತ್ತುವ ಯಂತ್ರ. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಾಗಿ ಇಟ್ಟುಕೊಂಡು, ಬೇಕಾದಂತೆ ಜೋಡಿಸಬಾರದೇಕೆ? ತಿರುಪಿನ ಸ್ಥಾನದಲ್ಲಿ ಕೋಲನ್ ಚಿಹ್ನೆಯನ್ನಿಟ್ಟು ಅವರು ಕಟ್ಟಿದ ಕೋಲನ್ ವರ್ಗೀಕರಣವು 1933ರಲ್ಲಿ ಅಚ್ಚಾಯಿತು. ಅದೇ ರಂಗನಾಥನ್ ಅವರು ಕಡೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಪ್ರಲೇಖನದ ಸಂಶೋಧನೆಗೂ ತರಬೇತಿಗೂ ಮೀಸಲಾದ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಅಂಗಡಿಯಲ್ಲಿ ಮೂವತ್ತೆರಡು ವರ್ಷ ವಯಸ್ಸಿನ ಗಣಿತಜ್ಞರೊಬ್ಬರು ಮಕ್ಕಳ ಆಟದ ಮುಂದೆ ಸಂಕೋಚವಿಲ್ಲದೆ ನಿಂತುಬಿಟ್ಟರು. ಅವರ ಏಳೂವರೆಯಲ್ಲಿ ಅರೆಯೇ ಮುಖ್ಯವಾಯಿತು.

ಮತ್ತೆ 2006ಕ್ಕೆ ಬರೋಣ. ಆ ವರ್ಷದ ಅತ್ಯಂತ ವಿಚಿತ್ರವಾದ ಗ್ರಂಥಾಲಯವು ಭೂಮಿಯ ಮೇಲೆ ಇರಲಿಲ್ಲ. 'ಸೆಕೆಂಡ್ ಲೈಫ್' ಎಂಬ ಹೆಸರಿನ ಕಲ್ಪಿತ ಜಗತ್ತೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡನ್ ಲ್ಯಾಬ್ ಎಂಬ ಸಂಸ್ಥೆ 2003ರಲ್ಲಿ ಆರಂಭಿಸಿತ್ತು. ಅದರೊಳಗೆ ಪ್ರವೇಶಿಸುವವನು ತನಗೆ ಬೇಕಾದ ರೂಪವೊಂದನ್ನು ತಾಳಿ, ನಡೆದಾಡಬಹುದು, ಮಾತನಾಡಬಹುದು, ಮನಸ್ಸು ಬಂದರೆ ಹಾರಲೂಬಹುದು. ಆ ರೂಪಕ್ಕೆ ಅವರಿಟ್ಟ ಹೆಸರು 'ಅವತಾರ್'. ದಶಾವತಾರದ ನಾಡಿನಿಂದ ಈ ಶಬ್ದವನ್ನು ಎರವು ಪಡೆದವರು, ಅವತಾರವೆಂದರೆ ಇಳಿದುಬರುವುದೆಂಬ ಮೂಲಾರ್ಥವನ್ನು ಬಿಟ್ಟು, ನೆಲಬಿಟ್ಟು ಹಾರುವುದಕ್ಕೇ ಅದನ್ನು ಬಳಸಿದ್ದು ತಮಾಷೆಯ ಸಂಗತಿ. ಇಲಿನಾಯ್ ರಾಜ್ಯದ ಅಲಯನ್ಸ್ ಗ್ರಂಥಾಲಯ ಕೂಟವು ಈ ಜಗತ್ತಿನಲ್ಲಿ ದ್ವೀಪವೊಂದನ್ನು ಪಡೆದು, ಅದಕ್ಕೆ 'ಇನ್ಫೋ ಐಲೆಂಡ್' ಎಂದು ಹೆಸರಿಟ್ಟು, 2006ರ ಅಕ್ಟೋಬರಿನಲ್ಲಿ ವಿಧಿಪೂರ್ವಕವಾಗಿ ಉದ್ಘಾಟಿಸಿತು. ಬೇರೆ ಬೇರೆ ಊರುಗಳ ಗ್ರಂಥಪಾಲಕರು ಹಗಲಿನ ಕೆಲಸವನ್ನು ಮುಗಿಸಿ ಮನೆಗೆ ಬಂದು, ಊಟ ಮಾಡಿ, ಅಲ್ಲಿಯ ವಿಚಾರಣಾಮೇಜಿನ ಮುಂದೆ ಸ್ವಯಂಸೇವಕರಾಗಿ ಕುಳಿತರು. ಷಾರ್ಲಟ್ ಗ್ರಂಥಾಲಯವೂ ಅವರೊಡಗೂಡಿ, ಹದಿಹರೆಯದವರಿಗೆಂದೇ ಇದ್ದ ಪ್ರತ್ಯೇಕ ವಿಭಾಗದಲ್ಲಿ ಒಂದು ದ್ವೀಪವನ್ನು ನಡೆಸಿತು. ಕೆಲವೇ ವರ್ಷಗಳಲ್ಲಿ ಹದಿಹರೆಯದವರ ಆ ಜಗತ್ತನ್ನು ಕಂಪನಿಯೇ ಮುಚ್ಚಿತು. ಉಳಿದ ದ್ವೀಪಗಳಲ್ಲಿಯೂ ಓಡಾಟ ಕಡಮೆಯಾಗಿ, ಪೂಜೆ ನಿಂತ ಗುಡಿಗಳಂತೆ ಕಟ್ಟಡಗಳು ಮಾತ್ರ ನಿಂತವು. ಓದುಗರಿದ್ದ ಕಡೆಗೆ ಗ್ರಂಥಪಾಲಕರು ಹೋದದ್ದಲ್ಲ ಇದು. ಗ್ರಂಥಪಾಲಕರು ಹೋಗಿ ಓದುಗರಿಗಾಗಿ ಕಾದದ್ದು. ಸೋಲಿನ ಕಾರಣ ಬಹುಶಃ ಅಷ್ಟೇ.

ಆ್ಯನ್ ಆರ್ಬರ್ ಊರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿಯ ಗ್ರಂಥಾಲಯದ ತಂತ್ರಜ್ಞ ಎಲೈ ನೈಬರ್ಗರ್ ಅವರು ಹದಿಹರೆಯದ ಹುಡುಗರಿಗಾಗಿ ಗ್ರಂಥಾಲಯದೊಳಗೇ ವಿಡಿಯೋ ಗೇಮ್ ಪಂದ್ಯಾವಳಿಗಳನ್ನು ಏರ್ಪಡಿಸಿದರು; ಅದರ ಅನುಭವವನ್ನೆಲ್ಲ ಸೇರಿಸಿ 2007ರಲ್ಲಿ ಪುಸ್ತಕವನ್ನೂ ಬರೆದರು. ಪರದೆಯ ಮೇಲೆ ಪುಟ್ಟ ಬಂಡಿಗಳನ್ನು ಓಡಿಸುವ ಮಾರಿಯೋ ಕಾರ್ಟ್, ನೆಲದ ಮೇಲೆ ಹಾಸಿದ ಚಾಪೆಯ ನಾಲ್ಕು ಬಾಣಗಳನ್ನು ತಾಳಕ್ಕೆ ಸರಿಯಾಗಿ ಕಾಲಿನಿಂದ ತುಳಿಯಬೇಕಾದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್, ಇವು ಅಲ್ಲಿಯ ಮುಖ್ಯ ಆಟಗಳು. ಪುಟ್ಟ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮವನ್ನು ಗ್ರಂಥಾಲಯಗಳು ನೂರು ವರ್ಷದಿಂದ ನಡೆಸಿಕೊಂಡು ಬಂದಿವೆ, ಅದರಿಂದ ಎಷ್ಟು ಪುಸ್ತಕ ಹೊರಹೋಯಿತೆಂದು ಯಾರೂ ಲೆಕ್ಕ ಕೇಳುವುದಿಲ್ಲ, ಬೆಳೆದ ಹುಡುಗರಿಗೆ ಅದೇ ಬಗೆಯ ಆಕರ್ಷಣೆಯನ್ನು ಒದಗಿಸಿದರೆ ಮಾತ್ರ ಲೆಕ್ಕ ಏಕೆ ಎಂಬುದು ಅವರ ವಾದದ ಸಾರ. ಗ್ರಂಥಪಾಲಕರು ಇಲ್ಲಿ ಕಲಿಯಬೇಕಾದದ್ದು ಅಲ್ಪಸ್ವಲ್ಪವಲ್ಲ: ಕನ್ಸೋಲಿಗೂ ಪ್ರೊಜೆಕ್ಟರಿಗೂ ನಡುವಣ ತಂತಿಗಳ ಗೋಜಲು, ಪಂದ್ಯದ ಸುತ್ತುಗಳ ಜೋಡಣೆ, ಆಟದ ಡಬ್ಬಿಯ ಮೇಲೆ ವಯಸ್ಸಿನ ಯೋಗ್ಯತೆಯನ್ನು ಸೂಚಿಸುವ ಅಕ್ಷರಗಳ ಅರ್ಥ, ಸೋತವನು ಕಣ್ಣೀರಿಟ್ಟಾಗ ಹೇಳಬೇಕಾದ ಮಾತು. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದುವನ್ನೆಲ್ಲ ಹುಡುಗರೇ ಚೆನ್ನಾಗಿ ಬಲ್ಲರು. ಕೌಂಟರಿನ ಆಚೆ ಈಚೆಗಳು ಅದಲುಬದಲಾಗುವ ಈ ಗಳಿಗೆಯಲ್ಲಿ, ತಾನು ಯಾರಿಗೋ ಏನನ್ನೋ ಕಲಿಸಬಲ್ಲೆನೆಂಬುದನ್ನು ಜೀವನದಲ್ಲಿ ಮೊದಲ ಸಲ ಕಂಡುಕೊಳ್ಳುವ ಹುಡುಗನೊಬ್ಬನಿದ್ದರೆ, ಆ ಗ್ರಂಥಾಲಯದ ವಾರ್ಷಿಕ ವರದಿಯಲ್ಲಿ ಅವನಿಗೆ ಅಂಕಣವಿರುವುದಿಲ್ಲ.

ಗದ್ದಲದ ಮಾತು, ಕೆಟ್ಟ ಚಟದ ಮಾತು, ತೆರಿಗೆ ಕೊಡುವವರ ಹಣದ ಮಾತು, ಎಲ್ಲವೂ ಎದ್ದವು. ಗ್ರಂಥಾಲಯಗಳ ಚರಿತ್ರೆಯನ್ನು ಬಲ್ಲವರಿಗೆ ಇವೆಲ್ಲ ಹಳೆಯ ನಾಟಕದ ಹೊಸ ಪಾತ್ರಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇದೇ ಆರೋಪಗಳಿಗೆ ಗುರಿಯಾಗಿದ್ದುದು ಕಾದಂಬರಿ. ಕಾದಂಬರಿಯೊಂದನ್ನು ಒಯ್ಯಬೇಕಾದರೆ ಜೊತೆಗೆ ಜ್ಞಾನಪ್ರದವಾದ ಇನ್ನೊಂದು ಪುಸ್ತಕವನ್ನೂ ಒಯ್ಯಬೇಕೆಂಬ, ಕಷಾಯಕ್ಕೆ ಬೆಲ್ಲ ಸೇರಿಸುವ ಕ್ರಮವನ್ನು ತಿರುಗುಮುರುಗು ಮಾಡಿದ, ಏರ್ಪಾಡುಗಳು ಆಗ ಬಂದವು. ಇಂಗ್ಲೆಂಡಿನ ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ, ದಿನಪತ್ರಿಕೆಗಳ ಕುದುರೆಜೂಜಿನ ಸುದ್ದಿಗೆ ಬೆಳಗ್ಗೆ ಮಸಿ ಬಳಿದೇ ಓದಲು ಇಡುತ್ತಿದ್ದರು. ನಮ್ಮಲ್ಲಿಯೂ, ಕಾದಂಬರಿ ಹಿಡಿದ ಮಗಳನ್ನು ಕಂಡು ಹಣೆ ಚಚ್ಚಿಕೊಂಡ ಅಜ್ಜಿಯರು ಇದ್ದ ಕಾಲ ತೀರ ದೂರದ್ದಲ್ಲ. ಇಂದು ಅದೇ ಮಗಳು ಅಜ್ಜಿಯಾಗಿ, ಮೊಮ್ಮಗ ಮೊಬೈಲು ಬಿಟ್ಟು ಕಾದಂಬರಿಯನ್ನಾದರೂ ಓದಬಾರದೇ ಎಂದು ಹಂಬಲಿಸುತ್ತಿದ್ದಾಳೆ. ಆಟವಂತೂ ಗ್ರಂಥಾಲಯಕ್ಕೆ ಹೊರಗಿನದಲ್ಲವೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1854ರಲ್ಲಿ ಸ್ಥಾಪಿತವಾದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಗ್ರಂಥಾಲಯದ ಚದುರಂಗದ ಕೊಠಡಿ ಇಂದಿಗೂ ನಡೆಯುತ್ತಿದೆ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಪೆನ್ಸಿಲ್ವೇನಿಯಾದ ಬ್ರಾಡಕ್ ಊರಿನಲ್ಲಿ 1889ರಲ್ಲಿ ಕಟ್ಟಿಸಿಕೊಟ್ಟ ಗ್ರಂಥಾಲಯದಲ್ಲಿ, ಕುಲುಮೆಯ ಕೆಲಸದಿಂದ ಬಂದ ಕಾರ್ಮಿಕರಿಗೆ ಸ್ನಾನದ ಮನೆಯೂ ಬಿಲಿಯರ್ಡ್ಸ್ ಮೇಜುಗಳೂ ಇದ್ದುವು. ಹಾಗೆಂದು ಎಲ್ಲ ಆಟವೂ ಒಳ್ಳೆಯದೆಂದು ಸಾಧಿಸುವ ಹಟ ನನಗಿಲ್ಲ. ಮಗುವಿನ ಗಮನವನ್ನು ಕದ್ದು ಮಾರುವುದಕ್ಕೆಂದೇ ಕಟ್ಟಿದ ಆಟಗಳು ಇಂದು ಬೇಕಾದಷ್ಟಿವೆ; ಪುಸ್ತಕಗಳನ್ನು ಆರಿಸುವಂತೆ ಆಟಗಳನ್ನೂ ಆರಿಸಬಲ್ಲವನೊಬ್ಬನು ಬೇಕೆಂಬುದಕ್ಕೆ ಅದೇ ಕಾರಣ. ಆರಿಸಬೇಕಾದರೆ ಆಡಿ ಗೊತ್ತಿರಬೇಕು.

ಆಟವೂ ಜಾಲವೂ ಒಂದಾದ ಸೊಗಸಾದ ದೃಷ್ಟಾಂತವೊಂದು ನ್ಯೂಯಾರ್ಕಿನದು. ಅಲ್ಲಿಯ ಸಾರ್ವಜನಿಕ ಗ್ರಂಥಾಲಯದ ಭವ್ಯವಾದ ಮುಖ್ಯ ಕಟ್ಟಡಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, 2011ರ ಮೇ 20ರಂದು, 500 ಜನರನ್ನು ಇಡೀ ರಾತ್ರಿ ಅದರೊಳಗೆ ಬಿಟ್ಟು ಬಾಗಿಲು ಹಾಕಿಕೊಂಡರು. ಆಟಗಳ ರಚನೆಯಲ್ಲಿ ಹೆಸರಾದ ಜೇನ್ ಮೆಕ್‌ಗೊನಿಗಲ್ ರೂಪಿಸಿದ ಆಟವದು: ಕೈಯಲ್ಲಿ ಮೊಬೈಲನ್ನು ಹಿಡಿದು, ಸಂಗ್ರಹದಲ್ಲಿರುವ ನೂರು ಅಮೂಲ್ಯ ವಸ್ತುಗಳನ್ನು ಹುಡುಕುತ್ತ, ಒಂದೊಂದನ್ನು ಕಂಡಾಗಲೂ ಅದು ಹೊಳೆಯಿಸಿದುದನ್ನು ಬರೆಯುತ್ತ ಹೋಗಬೇಕು. ಬೆಳಗಾಗುವುದರೊಳಗೆ ಆ ಬರಹಗಳೆಲ್ಲ ಸೇರಿ ಒಂದು ಪುಸ್ತಕವಾಗಿ, ಗ್ರಂಥಾಲಯದ ಸಂಗ್ರಹದೊಳಕ್ಕೇ ಸಂದಿತು. ಹುಡುಕಲು ಬಂದವರು ಹುಡುಕಬೇಕಾದ ಇನ್ನೊಂದು ವಸ್ತುವನ್ನು ಬಿಟ್ಟುಹೋದರು.

ಕರ್ನಾಟಕದಲ್ಲಿ ಈ ಕಲಿಕೆ ನಡೆಯುತ್ತಿರುವುದು ಅಮೃತಶಿಲೆಯ ಕಂಬಗಳ ನಡುವೆ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನೆರಳಿನಲ್ಲಿ ಬೆಳೆದ ನಮ್ಮ ಗ್ರಾಮಗಳ ಗ್ರಂಥಾಲಯಗಳು, ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದ ಮೇಲೆ 'ಅರಿವು ಕೇಂದ್ರ' ಎಂಬ ಹೊಸ ಹೆಸರನ್ನು ಪಡೆದಿವೆ. 2020ರಲ್ಲಿ, ಶಾಲೆಗಳು ಮುಚ್ಚಿದ್ದ ಆ ವಿಷಮಕಾಲದಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಯತ್ನ ನಡೆಯಿತು. ಮೇಲ್ವಿಚಾರಕರೆಂಬ ಸಾಧಾರಣವಾದ ಹೆಸರಿನ, ಸಾಧಾರಣಕ್ಕಿಂತ ಕಡಮೆಯ ಸಂಬಳದ, ಆ ಒಬ್ಬರೇ ಸಿಬ್ಬಂದಿ, ಕಂಪ್ಯೂಟರಿನ ಮುಂದೆ ಮಕ್ಕಳೊಡನೆ ಕುಳಿತು ತಾವೂ ಕಲಿಯುತ್ತಿದ್ದಾರೆ. ಹಲವು ಕಡೆ ಪುಸ್ತಕದ ಬೀರುವಿನ ಪಕ್ಕದಲ್ಲಿಯೇ ಚದುರಂಗದ ಮಣೆಯೂ ಕೇರಂ ಹಲಗೆಯೂ ಬಂದಿವೆ. ಎಂಪಿ3 ಯಂತ್ರದ ಬಹುಮಾನವನ್ನು ಅವರಿಗೆ ಯಾರೂ ಕೊಟ್ಟಿಲ್ಲ. ಕಾಲಕ್ಕೆ ಸರಿಯಾಗಿ ಸಂಬಳ ಬಂದರೆ ಅದೇ ಬಹುಮಾನವೆನ್ನುವ ಸ್ಥಿತಿ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಊರಿನ ವಾಚನಾಲಯದಲ್ಲಿ, 'ನಿಶ್ಶಬ್ದ' ಎಂಬ ಹಲಗೆಯ ಕೆಳಗಣ ಮೇಜಿನಲ್ಲಿ, ನಾವು ಮೂವರು ಹುಡುಗರು ವಿಶ್ವಕೋಶದ ದಪ್ಪ ಸಂಪುಟವೊಂದನ್ನು ತೆರೆದುಕೊಂಡು ಬಹಳ ಹೊತ್ತು ತಲ್ಲೀನರಾಗಿ ಕುಳಿತಿರುತ್ತಿದ್ದೆವು. ಆಡುತ್ತಿದ್ದುದು ಪುಸ್ತಕ ಕ್ರಿಕೆಟ್. ಕಣ್ಣು ಮುಚ್ಚಿ ಸಂಪುಟವನ್ನು ತೆರೆದರೆ ಎಡಪುಟದ ಸಂಖ್ಯೆಯ ಕೊನೆಯ ಅಂಕಿ ಎಷ್ಟೋ ಅಷ್ಟು ರನ್ನು. ಸೊನ್ನೆ ಬಂದರೆ ಔಟು. ಮಕ್ಕಳ ಜ್ಞಾನದಾಹವನ್ನು ಮೆಚ್ಚಿ ಗ್ರಂಥಪಾಲಕರು ಎರಡು ವಾರ ಸುಮ್ಮನಿದ್ದರು. ಮೂರನೆಯ ವಾರ ಒಂದು ಸಂಜೆ, ಎಂಟು ಬಂದರೆ ಎಂಟೇ ರನ್ನೋ ಒಂದೇ ರನ್ನೋ ಎಂಬ ಶಾಸ್ತ್ರಾರ್ಥ ನಮ್ಮಲ್ಲಿ ಎದ್ದು, ದನಿ ಏರಿ, ಗುಟ್ಟು ಬಯಲಾಯಿತು. ಅವರು ಬಂದು ಸಂಪುಟವನ್ನು ಕಿತ್ತುಕೊಂಡು, ನಮ್ಮ ಮೂವರನ್ನೂ ಮೆಟ್ಟಿಲವರೆಗೆ ಅಟ್ಟಿದರು. ಚಪ್ಪಲಿ ಹುಡುಕಿಕೊಳ್ಳುತ್ತ ನಿಂತಿದ್ದ ನಮ್ಮ ಹಿಂದೆ ಬಾಗಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲವೆಂಬುದನ್ನು ಒಮ್ಮೆ ತಿರುಗಿ ನೋಡಿ ಖಚಿತಪಡಿಸಿಕೊಂಡು, ಮೆಲ್ಲನೆ ಕೇಳಿದರು: "ಲೋ, ಎಂಟು ಬಂದರೆ ಎಷ್ಟೋ ಕೊನೆಗೆ?"

"ಒಂದೇ ಸಾರ್," ಎಂದೆ ನಾನು, ಸೋಲುವ ಪಕ್ಷದವನಾಗಿದ್ದರೂ.

ಅವರು ಕಂಕುಳಲ್ಲಿದ್ದ ಸಂಪುಟವನ್ನು ಎತ್ತಿ, ಕಣ್ಣು ಮುಚ್ಚಿ ತೆರೆದರು. ಪುಟ 210.